ಬೀಳುವುದನ್ನು ನಮಗೂ ಕಲಿಸಿ

ಬೆಳಿಗ್ಗೆ ರೋಲರ್ ಸ್ಕೇಟಿಂಗ್ ರಿಂಕ್‌ನಿಂದ, ಅಂದರೆ ಚಕ್ರದ ಸ್ಕೇಟ್ ಕಟ್ಟಿಕೊಂಡು ಜಾರುವ ಕಣದಿಂದ, ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಬರೆದು ಮುಗಿಸುವವರೆಗೂ ಇಳಿಯುವುದೂ ಇಲ್ಲ.

ಮೊಮ್ಮಗಳನ್ನು ತರಗತಿಗೆ ಕರೆತಂದಿದ್ದ ಹಿರಿಯರೊಬ್ಬರು ಕಂಬಿಯಾಚೆ ನಿಂತು ನಾನು ಸುತ್ತು ಹಾಕುವುದನ್ನು ಬಹಳ ಹೊತ್ತು ನೋಡುತ್ತಿದ್ದರು. ಅರವತ್ತು ದಾಟಿದವರು, ಗಟ್ಟಿಮುಟ್ಟಾಗಿದ್ದರು. ಕೊನೆಗೆ ಧೈರ್ಯ ಮಾಡಿ ಅಲ್ಲಿನ ಉಸ್ತುವಾರಿಯವರ ಬಳಿ ಹೋಗಿ, ತಾವೂ ಕಲಿಯಬಹುದೇ ಎಂದು ಕೇಳಿದರು. "ನಿಮಗೆ ವಾಕಿಂಗ್ ಸಾಕು ಸಾರ್, ಬಿದ್ದರೆ ಯಾರು ಹೊಣೆ?" ಎಂಬ ಉತ್ತರ ಬಂತು. ಅವರು ಮರುಮಾತಾಡದೆ ಬೆಂಚಿನ ಮೇಲೆ ಹೋಗಿ ಕುಳಿತರು. ಇದೇ ಮಾತನ್ನು ನನಗೂ ಹೇಳಿದ್ದರು. ನಾನು ಹಟ ಹಿಡಿದು ನಿಂತೆ, ತರಬೇತುದಾರ ಹುಡುಗನೊಬ್ಬ ನನ್ನ ಪರವಾಗಿ ಮಾತಾಡಿದ, ಒಳಗೆ ಬಿಟ್ಟರು. ಪ್ರತಿಯೊಬ್ಬರೂ ಹಾಗೆ ಜಗಳವಾಡಿಯೇ ಒಳಗೆ ಹೋಗಬೇಕೇ?

ಬಿದ್ದರೆ ಏನು ಗತಿ ಎಂದು ಕೇಳುವವರಿಗೆ ನನ್ನದೊಂದು ಪ್ರಶ್ನೆ. ಸ್ಕೇಟ್ ಹಾಕದಿದ್ದರೆ ನಾವು ಬೀಳುವುದಿಲ್ಲವೇ? ಬಚ್ಚಲುಮನೆಯಲ್ಲಿ ಬೀಳುತ್ತೇವೆ, ಮಳೆಗೆ ಪಾಚಿ ಕಟ್ಟಿದ ಅಂಗಳದಲ್ಲಿ ಬೀಳುತ್ತೇವೆ, ಕಲ್ಲು ಎದ್ದುಹೋದ ಫುಟ್‌ಪಾತಿನ ಮೇಲೆ ಬೀಳುತ್ತೇವೆ. ಅಲ್ಲೆಲ್ಲ ನಮ್ಮ ತಲೆಗೆ ಹೆಲ್ಮೆಟ್ ಇರುವುದಿಲ್ಲ, ಮೊಣಕಾಲಿಗೆ ಪ್ಯಾಡ್ ಇರುವುದಿಲ್ಲ. ಬೀಳುವುದು ಹೇಗೆ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಪ್ರತಿವರ್ಷ 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಅವರು ಸ್ಕೇಟಿಂಗ್ ಮಾಡಲು ಹೋಗಿ ಸತ್ತವರಲ್ಲ, ದಿನನಿತ್ಯದ ಜಾಗಗಳಲ್ಲಿ ಕಾಲು ಜಾರಿದವರು.

ನನ್ನ ಅಮ್ಮನ ವಿಷಯ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ದೇವರಮನೆಯ ಹೊಸ್ತಿಲು ದಾಟುವಾಗ ಬಿದ್ದವರು ಸೊಂಟದ ಮೂಳೆ ಮುರಿದುಕೊಂಡು ಮತ್ತೆ ಏಳಲೇ ಇಲ್ಲ. ಅದಕ್ಕೆ ಮೊದಲು ವರ್ಷಗಟ್ಟಲೆ ನಾವೆಲ್ಲರೂ ಅವರಿಗೆ ಹೇಳುತ್ತಿದ್ದುದು ಒಂದೇ ಮಾತು: ಹುಷಾರಾಗಿ ಕುಳಿತಿರು, ಓಡಾಡಬೇಡ. ಕುಳಿತಷ್ಟೂ ತೊಡೆಯ ಸ್ನಾಯು ಕರಗುತ್ತದೆ, ಸಮತೋಲ ಕೆಡುತ್ತದೆ. ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತು ಕಳೆದ ರಾತ್ರಿಗಳಲ್ಲೇ ನಾನು ಹೀಗೆ ಮುದುಕಿಯಾಗುವುದಿಲ್ಲ ಎಂದು ನಿರ್ಧರಿಸಿದ್ದು.

ರಿಂಕ್‌ನಲ್ಲಿ ಮೊದಲು ಕಲಿಸಿದ್ದು ಓಡುವುದನ್ನಲ್ಲ. ಹುಲ್ಲಿನ ಮೇಲೆ, ಚಕ್ರ ಉರುಳದ ಜಾಗದಲ್ಲಿ ನಿಲ್ಲಿಸಿದರು. ಹಿಮ್ಮಡಿ ಎರಡೂ ಹತ್ತಿರ, ಕಾಲ್ಬೆರಳುಗಳು ಹೊರಕ್ಕೆ, ಮಂಡಿ ಬಾಗಿರಬೇಕು, ಭಾರ ಮುಂದಕ್ಕೆ. ನಂತರ ಬೀಳುವ ಪಾಠ. ಆಯ ತಪ್ಪಿತು ಎನಿಸಿದ ಕೂಡಲೇ ಇನ್ನಷ್ಟು ಕುಗ್ಗಬೇಕು. ಸೆಟೆದು ನಿಂತರೆ ಹಿಂದಕ್ಕೆ ಬೀಳುತ್ತೇವೆ, ಬೆನ್ನುಮೂಳೆಯ ತುದಿಗೂ ತಲೆಗೂ ಪೆಟ್ಟು ಬೀಳುವುದು ಆಗಲೇ. ಮುಂದಕ್ಕೆ ಬಿದ್ದರೆ ಮೊದಲು ಮೊಣಕಾಲಿನ ಪ್ಯಾಡ್, ಆಮೇಲೆ ಮೊಣಕೈ, ಕೊನೆಗೆ ರಿಸ್ಟ್ ಗಾರ್ಡ್ (ಮಣಿಕಟ್ಟಿನ ರಕ್ಷಾಪಟ್ಟಿ) ತೊಟ್ಟ ಅಂಗೈ, ಕೈಬೆರಳುಗಳು ಮೇಲಕ್ಕೆತ್ತಿರಬೇಕು. ಚಾಚಿದ ಕೈಯ ಮೇಲೆ ಇಡೀ ಮೈಭಾರ ಹಾಕಿ ಬಿದ್ದರೆ ಮಣಿಕಟ್ಟು ಮುರಿಯುತ್ತದೆ. ಏಳುವಾಗ ಒಂದು ಮಂಡಿಯೂರಿ, ಇನ್ನೊಂದು ಕಾಲಿನ ತೊಡೆಯ ಮೇಲೆ ಎರಡೂ ಕೈಯಿಟ್ಟು ಒತ್ತಿ ಏಳಬೇಕು. ಈ ಕೊನೆಯದನ್ನು ಕಲಿತ ದಿನ ನನಗೆ ಅಳು ಬಂತು. ನೆಲದಿಂದ ಯಾರ ಕೈಯನ್ನೂ ಹಿಡಿಯದೆ ಎದ್ದು ಎಷ್ಟು ವರ್ಷಗಳಾಗಿದ್ದವು!

ಅರವತ್ತೈದು ದಾಟಿದವರು ವಾರದಲ್ಲಿ ಕನಿಷ್ಠ ಮೂರು ದಿನ ಸಮತೋಲ ಮತ್ತು ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ಅದೇ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ವಾಕಿಂಗ್ ಒಳ್ಳೆಯದೇ, ನಾನೂ ಹೋಗುತ್ತೇನೆ. ಆದರೆ ಒಂಟಿ ಕಾಲಿನ ಮೇಲೆ ಮೈಭಾರ ಹೊತ್ತು ಜಾರುವಾಗ ಪಾದ, ಮಂಡಿ, ಸೊಂಟ ಮೂರೂ ಎಚ್ಚರವಾಗಿದ್ದು ಮಾಡುವ ಕೆಲಸವನ್ನು ಸಪಾಟು ರಸ್ತೆಯ ನಡಿಗೆ ಎಲ್ಲಿ ಮಾಡಿಸುತ್ತದೆ?

ಮೂಳೆ ಟೊಳ್ಳಾದವರ ಗತಿ ಏನು ಎಂದು ಕೇಳುತ್ತೀರಿ. ನಿಜ, ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ವೇಗವಾಗಿ ಸವೆಯುತ್ತದೆ. ಅದಕ್ಕೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಇದೆ, ವೈದ್ಯರಿದ್ದಾರೆ. ಬೇಡ ಎಂದು ಅವರು ಹೇಳಿದರೆ ಬಿಡೋಣ. ಅದನ್ನು ಹೇಳಬೇಕಾದವರು ವೈದ್ಯರು. ನರೆಗೂದಲನ್ನು ಒಮ್ಮೆ ನೋಡಿ ತೀರ್ಪು ಕೊಡುವ ಅಧಿಕಾರವನ್ನು ಗೇಟಿನಲ್ಲಿ ನಿಂತವರಿಗೆ ಯಾರು ಕೊಟ್ಟರು?

ಇನ್ನು, ಇದು ಮಕ್ಕಳಾಟ ಎನ್ನುವವರಿಗೆ ಸ್ವಲ್ಪ ಚರಿತ್ರೆ. ಮೈ ವಾಲಿಸಿದರೆ ತಾನೇ ತಿರುಗುವ ನಾಲ್ಕು ಚಕ್ರದ ಸ್ಕೇಟನ್ನು 1863ರಲ್ಲಿ ರೂಪಿಸಿದ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್‌ಗೆ ಆಗ ಮೂವತ್ತೈದರ ಆಸುಪಾಸು. ವೈದ್ಯರು ಆರೋಗ್ಯಕ್ಕಾಗಿ ಮಂಜಿನ ಮೇಲೆ ಸ್ಕೇಟಿಂಗ್ ಮಾಡಲು ಹೇಳಿದ್ದರಂತೆ. ಬೇಸಿಗೆಯಲ್ಲೂ ಅದನ್ನು ಮುಂದುವರಿಸುವ ದಾರಿ ಹುಡುಕಿದರಂತೆ. 1866ರಲ್ಲಿ ಅಮೆರಿಕದ ನ್ಯೂಪೋರ್ಟ್‌ನ ಹೋಟೆಲೊಂದರಲ್ಲಿ ಅವರು ರಿಂಕ್ ತೆರೆದಾಗ ಅಲ್ಲಿಗೆ ಬಂದದ್ದು ವಯಸ್ಕರು.

ನಮ್ಮಲ್ಲಿ ಸ್ಕೇಟಿಂಗ್ ಎಂದರೆ ಪದಕದ ಲೆಕ್ಕ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 3000 ಮೀಟರ್ ರಿಲೇಯಲ್ಲಿ ನಮ್ಮ ಹುಡುಗಿಯರೂ ಹುಡುಗರೂ ಕಂಚು ಗೆದ್ದಾಗ ನಾನೂ ಕುಣಿದಿದ್ದೇನೆ. ಆದರೆ ಪದಕ ತರಲಾರದವರಿಗೆ ಚಕ್ರ ಕಟ್ಟಿಕೊಳ್ಳುವ ಹಕ್ಕೇ ಇಲ್ಲವೇ? ಅಂಗಡಿಯಲ್ಲಿ ಮಕ್ಕಳ ಸ್ಕೇಟ್‌ಗಳು ಸಾಲುಸಾಲಾಗಿವೆ, ನನ್ನ ಅಳತೆಯದನ್ನು ಬೇರೆ ಊರಿನಿಂದ ತರಿಸಬೇಕಾಯಿತು. ಟ್ರ್ಯಾಕ್ ಪ್ಯಾಂಟ್ ತೊಟ್ಟದ್ದಕ್ಕೆ ನಮ್ಮ ಬೀದಿಯವರು ಆಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅವರಲ್ಲಿ ಕೆಲವರು ಇದನ್ನು ಓದುತ್ತಿದ್ದಾರೆ, ಓದಲಿ.

ಶಾಲೆ ನಡೆಯುವ ದಿನಗಳಲ್ಲಿ ಹತ್ತರಿಂದ ಮೂರರವರೆಗೆ ಆ ರಿಂಕ್ ಖಾಲಿ ಬಿದ್ದಿರುತ್ತದೆ. ಅದರಲ್ಲಿ ಒಂದು ಗಂಟೆ ಹಿರಿಯರಿಗೆ ಕೊಟ್ಟರೆ ಯಾವ ಮಗುವಿಗೂ ನಷ್ಟವಿಲ್ಲ. ನಮ್ಮೂರಿನ ಸ್ನೇಹಿತರಲ್ಲಿ ಆಸಕ್ತಿಯಿರುವವರು ಕಮೆಂಟಿನಲ್ಲಿ ಹೆಸರು ಹಾಕಿ. ಮೊದಲು ವೈದ್ಯರನ್ನು ಕಾಣಿ, ಸ್ಕೇಟ್‌ಗಿಂತ ಮೊದಲು ಪ್ಯಾಡುಗಳನ್ನು ಕೊಳ್ಳಿ. ಐದಾರು ಜನರಾದರೆ ಸಾಕು, ಒಟ್ಟಾಗಿ ಹೋಗಿ ಬರವಣಿಗೆಯಲ್ಲಿ ಕೇಳೋಣ. ಆಗುವುದಿಲ್ಲ ಎನ್ನುವುದಾದರೆ ಕಾರಣವನ್ನೂ ಅವರು ಬರವಣಿಗೆಯಲ್ಲೇ ಕೊಡಲಿ.