‘ವರೆಗೆ’ ಎಂಬ ಮೂರಕ್ಷರ

ಬೆಳಿಗ್ಗೆ ಕೇಬಲ್ ಇಂಟರ್ನೆಟ್ ಕಂಪನಿಯಿಂದ ಮೆಸೇಜ್ ಬಂತು. ‘ನಿಮಗೆ ಇನ್ನೂ ಉತ್ತಮ ಸೇವೆ ನೀಡುವ ಸಲುವಾಗಿ ಪ್ಲಾನ್ ದರವನ್ನು ಪರಿಷ್ಕರಿಸಲಾಗಿದೆ.’ ಪರಿಷ್ಕರಿಸಿದ ದರ ಕೆಳಗಿಳಿದದ್ದನ್ನು ಯಾರಾದರೂ ನೋಡಿದ್ದೀರಾ? ವಿವರಕ್ಕೆ ಕೊಟ್ಟಿದ್ದ ಲಿಂಕ್ ಒತ್ತಿದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಕೊನೆಗೆ ಮೊಬೈಲ್ ಡೇಟಾ ಆನ್ ಮಾಡಿಕೊಂಡು ಓದಿದೆ.

ಈ ಕಂಪನಿಗಳ ಭಾಷಾಸೇವೆಯನ್ನು ಮಾತ್ರ ಮೆಚ್ಚಲೇಬೇಕು. ಸ್ಪೀಡು ‘100 ಎಂಬಿಪಿಎಸ್ ವರೆಗೆ’ ಅಂತಾರೆ, ಅಂದರೆ ಸೆಕೆಂಡಿಗೆ 100 ಮೆಗಾಬಿಟ್ಟಿನ ತನಕ. ಆ ‘ವರೆಗೆ’ ಒಳಗೆ ಎರಡೂವರೆಯೂ ಇದೆ, ಸೊನ್ನೆಯೂ ಇದೆ. ಯಾರೂ ಸುಳ್ಳು ಹೇಳಿಲ್ಲ. ನಾನೂ ಬಿಲ್ಲನ್ನು ಹೀಗೇ ಕಟ್ಟಿದರೆ ಹೇಗೆ? ‘ಪೂರ್ತಿ ಮೊತ್ತದವರೆಗೆ ಕಟ್ಟುತ್ತೇನೆ. ಒಂದೇ ಸಲಕ್ಕೆ ನಾಲ್ಕು ಜನ ಕೇಳಿದರೆ ನನ್ನ ಜೇಬಿನ ಸ್ಪೀಡು ಕಮ್ಮಿಯಾಗಬಹುದು.’

ಬ್ರಿಟನ್ನಿನಲ್ಲಿ ಇದಕ್ಕೊಂದು ಲೆಕ್ಕವೇ ಇತ್ತು. ಹತ್ತರಲ್ಲಿ ಒಬ್ಬ ಗ್ರಾಹಕನಿಗೆ ಆ ಸ್ಪೀಡ್ ಸಿಕ್ಕರೆ ಸಾಕು, ಜಾಹೀರಾತಿನಲ್ಲಿ ‘ವರೆಗೆ’ ಅಂತ ಹಾಕಬಹುದಿತ್ತು. 2018ರ ಮೇ ತಿಂಗಳಲ್ಲಿ ನಿಯಮ ಬದಲಾಯಿತು. ರಾತ್ರಿ 8ರಿಂದ 10ರ ನಡುವೆ ಅರ್ಧದಷ್ಟು ಜನಕ್ಕಾದರೂ ಸಿಗುವ ಸ್ಪೀಡನ್ನೇ ಹೇಳಬೇಕು ಅಂದರು. ಸಂತೋಷ. ಆದರೂ ಆ ಹಳೇ ಲೆಕ್ಕದ ಹತ್ತನೆಯವನನ್ನು ಒಮ್ಮೆ ನೋಡಬೇಕು ಅಂತ ನನಗೆ ಬಹಳ ಆಸೆ. ಬೆಳಗಿನ ಜಾವ ಮೂರಕ್ಕೆ ಎದ್ದು ಸಿನಿಮಾ ನೋಡುವವನಿರಬೇಕು. ಮದುವೆಯಾಗಿರಲಿಕ್ಕಿಲ್ಲ.

ದೂರು ಕೊಟ್ಟರೆ ಹುಡುಗನೊಬ್ಬ ಬರುತ್ತಾನೆ. ಬೆಳಿಗ್ಗೆ ಹನ್ನೊಂದಕ್ಕೆ. ರೂಟರಿಗೆ ವೈರ್ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಮಂಡಿಯ ಮೇಲಿಟ್ಟುಕೊಂಡು ಸ್ಪೀಡ್ ಟೆಸ್ಟ್ ಒತ್ತುತ್ತಾನೆ. ಮುಳ್ಳು ಸರ್ರನೆ 94ಕ್ಕೆ ಹೋಗಿ ನಿಲ್ಲುತ್ತದೆ.

‘ಬರ್ತಾ ಇದೆಯಲ್ಲ ಸಾರ್?’

‘ರಾತ್ರಿ ಬರಲ್ವಲ್ಲಪ್ಪ.’

‘ರಾತ್ರಿ ಎಲ್ರೂ ಯೂಸ್ ಮಾಡ್ತಾರೆ ಸಾರ್.’

ಅವನದೇನೂ ತಪ್ಪಿಲ್ಲ. ಇಡೀ ಬೀದಿಯ ಮನೆಗಳು ಒಂದೇ ಕೇಬಲ್ಲನ್ನು ಹಂಚಿಕೊಂಡಿರುತ್ತವೆ, ಎಲ್ಲರೂ ಒಟ್ಟಿಗೆ ಕೂತರೆ ಯಾರಿಗೂ ಸಾಲದು. ಆದರೆ ಎಲ್ಲರೂ ಯೂಸ್ ಮಾಡ್ತಾರೆ ಅಂತಲೇ ಅಲ್ವಾ ಎಲ್ಲರ ಹತ್ತಿರವೂ ದುಡ್ಡು ತಗೊಂಡಿದ್ದು?

ಇನ್ನು ‘ಅನ್‌ಲಿಮಿಟೆಡ್’. ಆ ಪದದ ತಲೆಯ ಮೇಲೊಂದು ಚುಕ್ಕಿ ಇರುತ್ತದೆ, ಇರುವೆ ಕೂತ ಹಾಗೆ. ಅದನ್ನು ಹಿಡಿದು ಪುಟದ ತಳಕ್ಕೆ ಇಳಿದರೆ ಅಲ್ಲಿ ತಿಂಗಳಿಗೆ ಇಷ್ಟೇ ಡೇಟಾ ಅನ್ನುವ ಲಿಮಿಟ್ ಸಿಗುತ್ತದೆ. ತಮಾಷೆ ನೋಡಿ, ಸ್ಪೀಡನ್ನು ಮಾರುವಾಗ ಬಿಟ್ಟಿನಲ್ಲಿ ಅಳೆಯುತ್ತಾರೆ, ಲಿಮಿಟ್ ಹಾಕುವಾಗ ಬೈಟಿನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ಕೊಡುವಾಗ ಚಿಕ್ಕ ಸೇರು, ಕಿತ್ತುಕೊಳ್ಳುವಾಗ ದೊಡ್ಡ ಸೇರು. ನಾನೂ ಪೆನ್ನು ಹಿಡಿದು ಕೂತೆ. ಹೇಳಿದ 100 ಎಂಬಿಪಿಎಸ್ಸನ್ನು ನಿಜವಾಗಿ ಕೊಟ್ಟರೆ ಸಾವಿರ ಜಿಬಿಯ ಲಿಮಿಟ್ 22 ಗಂಟೆ ಚಿಲ್ಲರೆಯಲ್ಲಿ ಖಾಲಿ! ಪಾಪ, ತಿಂಗಳ ಕೊನೆಯವರೆಗೂ ಬರಲಿ ಅಂತಲೇ ನಿಧಾನ ಮಾಡಿದ್ದಾರೆ. ಅದನ್ನು ಅರ್ಥ ಮಾಡಿಕೊಳ್ಳದೆ ಇಷ್ಟು ದಿನ ಬೈದೆನಲ್ಲ.

ಲಿಮಿಟ್ ಇಲ್ಲದಿದ್ದರೆ ನೆಟ್‌ವರ್ಕ್ ತಡೆಯಲ್ಲ ಅನ್ನುವ ವಾದವೊಂದಿದೆ. 2020ರ ಮಾರ್ಚ್‌ನಲ್ಲಿ, ಕೋವಿಡ್ ಬಂದಾಗ, ಅಮೆರಿಕದ ಕೇಬಲ್ ಇಂಟರ್ನೆಟ್ ಕಂಪನಿ ಕಾಮ್‌ಕಾಸ್ಟ್ ಈ ಲಿಮಿಟ್ಟನ್ನು ಎತ್ತಿಟ್ಟಿತು. ಆಫೀಸು, ಶಾಲೆ, ಸಿನಿಮಾ ಎಲ್ಲವೂ ಮನೆಯೊಳಗೆ ಬಂದಿದ್ದ ಕಾಲ ಅದು. ನೆಟ್‌ವರ್ಕ್ ಕುಸಿದು ಬೀಳಲಿಲ್ಲ. ಜುಲೈಗೆ ಲಿಮಿಟ್ ವಾಪಸ್ ಬಂತು. ಅಂದರೆ ಲಿಮಿಟ್ಟಿಗೂ ವೈರಿಗೂ ಸಂಬಂಧವಿಲ್ಲ, ಬಿಲ್ಲಿಗೆ ಮಾತ್ರ ಇರೋದು. ಇದನ್ನು ಬರೆಯುವಾಗ ನಗು ಬರಬೇಕಿತ್ತು. ಬರ್ತಿಲ್ಲ. ತಿಂಗಳಾದ ಮೇಲೆ ತಿಂಗಳು ಪೂರ್ತಿ ದುಡ್ಡು ಕಟ್ಟಿ, ಅರ್ಧ ಸಿಕ್ಕಿದ್ದಕ್ಕೆ ರೂಟರ್ ಆಫ್ ಮಾಡಿ ಆನ್ ಮಾಡಿ ಸಾಕಾಗಿದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಕನೆಕ್ಷನ್ ಬೇಡ ಅಂತ ಹೇಳೋಣ ಅಂದುಕೊಂಡು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹೊಸ ಕನೆಕ್ಷನ್‌ಗೆ 1 ಒತ್ತಬೇಕಂತೆ. ತಪ್ಪಿ ಅದನ್ನೇ ಒತ್ತಿದೆ, ಎರಡನೇ ರಿಂಗಿಗೆ ಮನುಷ್ಯ ಸಿಕ್ಕ. ರದ್ದು ಮಾಡಲು 9. ಅಲ್ಲಿ ನಲವತ್ತು ನಿಮಿಷ ಮ್ಯೂಸಿಕ್ ಕೇಳಿಸಿದರು. ಅದು ಮಾತ್ರ ಒಮ್ಮೆಯೂ ಬಫರ್ ಆಗಲಿಲ್ಲ.