ಅಂಕಿಯನ್ನು ಬಾಯಿಬಿಟ್ಟು ಹೇಳಿ

ನಿನ್ನೆ ಸಂಜೆ ಮಗಳನ್ನು ಕರೆತರಲು ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ವಿಮಾನ ತಡ ಇತ್ತು. ಹೊರಗೆ ಜಿಟಿಜಿಟಿ ಮಳೆ. ನನ್ನ ಪಕ್ಕ ನಿಂತಿದ್ದ ನಾಲ್ಕು ಹುಡುಗರು ಮೊಬೈಲಿನಲ್ಲಿ ಒಂದು ವಿಡಿಯೋ ನೋಡುತ್ತಿದ್ದರು. ಸಿಡ್ನಿಯಿಂದ ಮಲೇಷ್ಯಾಕ್ಕೆ ಹೊರಟ ವಿಮಾನ ದಾರಿ ತಪ್ಪಿ ಮೆಲ್ಬೋರ್ನಿನಲ್ಲಿ ಇಳಿದ ಕಥೆ. "ದಡ್ಡ ಪೈಲಟ್" ಅಂತ ಹೇಳಿ ಹೇಳಿ ನಗುತ್ತಿದ್ದರು. ಒಬ್ಬ ಅಂತೂ "ಈಗೆಲ್ಲ ಕಂಪ್ಯೂಟರೇ ಓಡಿಸೋದು, ಅಷ್ಟೂ ಬರಲ್ವಾ ಅವನಿಗೆ" ಅಂದ. ನನಗೆ ಸಿಟ್ಟು ಬಂತು. ಅಲ್ಲೇ ಸ್ವಲ್ಪ ಮಾತಾಡಿದೆ, ಅವರು ಮುಖ ಮುಖ ನೋಡಿಕೊಂಡರು. ಹೇಳಬೇಕಾದ್ದು ಪೂರ್ತಿ ಹೇಳಲಾಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಜಮೀನು ಅಳೆಯುವ ಸರಪಳಿ ಹಿಡಿದು ಹೊಟ್ಟೆ ಹೊರೆದ ಸರ್ವೆಯವನು ಅಂತ ನಿಮಗೆಲ್ಲ ಗೊತ್ತು. ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟು ತೋಟ ಅಳೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಡಿಗ್ರಿ, ಅದರ ಅರವತ್ತರಲ್ಲಿ ಒಂದು ಪಾಲಾದ ಮಿನಿಟು ಅಂದರೆ ಏನು, ಒಂದು ಅಂಕಿ ಜಾರಿದರೆ ಏನಾಗುತ್ತದೆ ಅನ್ನೋದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ.

ಆ ವಿಡಿಯೋದಲ್ಲಿ ಹೇಳದೇ ಬಿಟ್ಟದ್ದು ಇದು. 2015ರ ಮಾರ್ಚ್ 10. ಏರ್‌ಏಷ್ಯಾ ಎಕ್ಸ್‌ನ ಏರ್‌ಬಸ್ ವಿಮಾನ. ಹೊರಡುವ ಮೊದಲು ವಿಮಾನಕ್ಕೆ ನೀನು ಈಗ ಎಲ್ಲಿ ನಿಂತಿದ್ದೀಯ ಅಂತ ಹೇಳಬೇಕು. ಅಲ್ಲಿಂದ ಮುಂದೆ ಅದು ತನ್ನ ಒಂದೊಂದು ಚಲನೆಯನ್ನೂ ಅಳೆದು ಕೂಡಿಸುತ್ತಾ ಹೋಗುತ್ತದೆ. ನಮ್ಮ ಕೆಲಸವೂ ಹಾಗೇ ಅಲ್ವಾ? ಗೊತ್ತಿರುವ ಒಂದು ಗಡಿಯ ಬಾಂದು ಕಲ್ಲಿನಿಂದ ಶುರು ಮಾಡುತ್ತೇವೆ. ಆ ಕಲ್ಲೇ ತಪ್ಪಾದರೆ ಆಮೇಲೆ ನೀವು ಎಷ್ಟು ಸರಿಯಾಗಿ ಅಳೆದರೂ ಇಡೀ ಊರಿನ ನಕ್ಷೆ ಪಕ್ಕಕ್ಕೆ ಸರಿಯುತ್ತದೆ.

ಅವತ್ತು ಕಂಪ್ಯೂಟರಿಗೆ ಹೊಡೆಯಬೇಕಾಗಿದ್ದ ರೇಖಾಂಶ, ಅಂದರೆ ಪೂರ್ವ-ಪಶ್ಚಿಮದಲ್ಲಿ ಎಲ್ಲಿದ್ದೇವೆ ಅನ್ನೋ ಅಂಕಿ, 151 ಡಿಗ್ರಿ 09.8 ಮಿನಿಟು. ಹೊಡೆದದ್ದು 015 ಡಿಗ್ರಿ 19.8 ಮಿನಿಟು. ಅಂಕಿಗಳನ್ನು ಸಾಲಾಗಿ ಬರೆದು ನೋಡಿ, ನಡುವಿನ ಒಂದು ಸೊನ್ನೆ ಜಾಗ ಬಿಟ್ಟು ಮುಂದಕ್ಕೆ ಬಂದಿದೆ, ಅಷ್ಟೇ. ಸಿಡ್ನಿಯಲ್ಲಿ ನಿಂತಿದ್ದ ವಿಮಾನ ತಾನು 11 ಸಾವಿರ ಕಿಲೋಮೀಟರ್ ಆಚೆ, ಆಫ್ರಿಕಾದ ಕೇಪ್‌ಟೌನ್ ಪಕ್ಕದ ಸಮುದ್ರದಲ್ಲಿ ಇದ್ದೇನೆ ಅಂದುಕೊಂಡಿತು. ಶಿವಮೊಗ್ಗದ ರೇಖಾಂಶ ಸುಮಾರು 75 ಡಿಗ್ರಿ 34 ಮಿನಿಟು. ಅದೇ ತರಹ ಒಂದು ಸ್ಥಾನ ಜಾರಿಸಿ 7 ಡಿಗ್ರಿ 53.4 ಅಂತ ಬರೆದರೆ ಸೋಗಾನೆ ಹೋಗಿ ಆಫ್ರಿಕಾದ ನೈಜರ್ ದೇಶದಲ್ಲಿ ಕೂರುತ್ತದೆ. ಏಳು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ.

ವಿಮಾನ ಮೇಲೇರಿದ ಮೇಲೆ ತಪ್ಪು ದಿಕ್ಕಿಗೆ ತಿರುಗಿತು, ಪಕ್ಕದ ರನ್‌ವೇಯಿಂದ ಏರುವ ವಿಮಾನಗಳ ದಾರಿಯನ್ನೇ ದಾಟಿತು. ಸರಿ ಮಾಡಲು ಹೋದಾಗ ಇನ್ನಷ್ಟು ಉಪಕರಣ ಕೈಕೊಟ್ಟವು. ಸಿಡ್ನಿಗೆ ವಾಪಸ್ ಬರೋಣ ಅಂದರೆ ಅಲ್ಲಿ ಮೋಡ ಕೆಳಗೆ ಬಂದಿತ್ತು. ಅದಕ್ಕೆ ಮೆಲ್ಬೋರ್ನ್. ಎಲ್ಲರೂ ಬದುಕಿದರು.

ಹಾಗಾದರೆ ಪೈಲಟ್ ತಪ್ಪು ಮಾಡಲಿಲ್ವಾ? ಮಾಡಿದರು. ನಾನು ಅಲ್ಲ ಅನ್ನುತ್ತಿಲ್ಲ. ಆದರೆ ಆ ಅಂಕಿ ಹೊಡೆಯುವಾಗ ಅವರು ಒಳಗೆ ಒಬ್ಬರೇ ಇದ್ದರು. ಕಿವಿಗೆ ಹಾಕುವ ರಕ್ಷಣೆ ಸಿಗಲಿಲ್ಲ ಅಂತ, ಹೊರಗೆ ಸುತ್ತಿ ನೋಡುವ ಕೆಲಸಕ್ಕೆ ಜೊತೆಗಾರರನ್ನು ಕಳಿಸಿದ್ದರು. ಆಮೇಲೆ ಪರೀಕ್ಷೆ ಮಾಡುವ ಅವಕಾಶಗಳಿದ್ದವು, ಎಚ್ಚರಿಕೆಗಳೂ ಬಂದವು, ಅವೂ ಕೈತಪ್ಪಿದವು. ಈ ತರಹದ ತಪ್ಪನ್ನು ತಾನೇ ತಡೆಯುವ ಹೊಸ ವ್ಯವಸ್ಥೆ ಆ ವಿಮಾನದಲ್ಲಿ ಇರಲಿಲ್ಲ ಅಂತ ಆಸ್ಟ್ರೇಲಿಯಾದ ತನಿಖೆಯವರೇ ಬರೆದಿದ್ದಾರೆ. ಇಷ್ಟೆಲ್ಲ ಇರುವಾಗ ದಡ್ಡ ಅನ್ನೋ ಒಂದು ಪದದಲ್ಲಿ ಮುಗಿಸಿಬಿಟ್ಟರೆ ಹೇಗೆ?

ನನ್ನ ಸಿಟ್ಟು ಈ ಪದದ ಮೇಲೇ. ಯಾಕೆ ಅಂದರೆ ಇದೇ ಪದವನ್ನು ಸತ್ತವರ ಮೇಲೂ ಹಾಕಿದ್ದಾರೆ.

1979ರ ನವೆಂಬರ್ 28. ನ್ಯೂಜಿಲೆಂಡಿನಿಂದ ಅಂಟಾರ್ಕ್ಟಿಕಾ ತೋರಿಸಿಕೊಂಡು ಬರಲು ಹೊರಟ ಡಿಸಿ-10 ವಿಮಾನ. ಕ್ಯಾಪ್ಟನ್ ಜಿಮ್ ಕಾಲಿನ್ಸ್ ಹಿಂದಿನ ರಾತ್ರಿ ಮನೆಯಲ್ಲಿ ನಕ್ಷೆ ಹರಡಿಕೊಂಡು ಮರುದಿನದ ದಾರಿ ಗುರುತು ಮಾಡಿದ್ದರು, ಹೆಣ್ಣುಮಕ್ಕಳಿಗೂ ತೋರಿಸಿದ್ದರು. ತಮಗೆ ಮೊದಲೇ ವಿವರಿಸಿದ್ದ ದಾರಿ ಅದು, ಸಮುದ್ರದ ಕೊಲ್ಲಿಯ ಮೇಲೆ ಹೋಗುವ ದಾರಿ. ಅದೇ ರಾತ್ರಿ, ಬೆಳಗಾಗುವ ಮೊದಲು, ಕಂಪನಿಯವರು ಕಂಪ್ಯೂಟರಿನಲ್ಲಿ ಒಂದು ಅಂಕಿ ತಿದ್ದಿದರು. ಎರಡು ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ನಮ್ಮಲ್ಲಿ ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 108 ಕಿಲೋಮೀಟರ್, ಧ್ರುವದ ಹತ್ತಿರ ರೇಖೆಗಳು ಕೂಡಿಕೊಳ್ಳುವುದರಿಂದ ಅಲ್ಲಿ ಸುಮಾರು 24. ಆದರೂ ದಾರಿ ಹತ್ತಿರಹತ್ತಿರ 50 ಕಿಲೋಮೀಟರ್ ಸರಿದು 3,794 ಮೀಟರ್ ಎತ್ತರದ ಎರೆಬಸ್ ಬೆಟ್ಟದ ಕಡೆಗೆ ತಿರುಗಿತು. ವಿಮಾನ ಓಡಿಸುವವರಿಗೆ ಒಬ್ಬರೂ ಹೇಳಲಿಲ್ಲ.

ಹೇಳಲಿಲ್ಲ. ಒಂದು ಮಾತು ಸಾಕಿತ್ತು.

ಆಗುಂಬೆ ಘಾಟಿಯಲ್ಲಿ ಜುಲೈ ತಿಂಗಳು ಮಂಜು ಮುಚ್ಚಿದಾಗ ನಮಗೆ ಏನೂ ಕಾಣುತ್ತಿಲ್ಲ ಅಂತ ಗೊತ್ತಿರುತ್ತದೆ, ಅದಕ್ಕೆ ಗಾಡಿ ನಿಧಾನ ಮಾಡುತ್ತೇವೆ. ಅಲ್ಲಿ ಹಾಗಲ್ಲ. ಮೇಲೆ ಬಿಳಿ ಮೋಡ, ಕೆಳಗೆ ಬಿಳಿ ಹಿಮ, ನಡುವೆ ಬೆಳಕು ಒಂದೇ ಸಮ. ದೂರದವರೆಗೆ ಚೆನ್ನಾಗಿ ಕಾಣುತ್ತಿದೆ ಅನ್ನಿಸುತ್ತದೆ. ಎದುರಿಗಿರುವ ಬೆಟ್ಟ ಮಾತ್ರ ಕಾಣುವುದಿಲ್ಲ. 257 ಜನ ಹೋದರು.

1980ರ ಮೊದಲ ವರದಿ ಪೈಲಟ್ ತಪ್ಪು ಅಂದಿತು. ಎಲ್ಲಿದ್ದೇವೆ ಅಂತ ಖಾತ್ರಿ ಇಲ್ಲದೆ ಅಷ್ಟು ಕೆಳಗೆ ಇಳಿದದ್ದು ಯಾಕೆ ಅಂತ ಈಗಲೂ ಕೇಳುವವರಿದ್ದಾರೆ. ಅವರಿಗೆ ಖಾತ್ರಿ ಇತ್ತು ಸ್ವಾಮಿ! ರಾತ್ರಿ ಕೂತು ನಕ್ಷೆಯಲ್ಲಿ ಗುರುತು ಹಾಕಿದ ಮನುಷ್ಯ. ಅವರ ಖಾತ್ರಿಯನ್ನೇ ಅವರ ಬೆನ್ನ ಹಿಂದೆ ಬದಲಾಯಿಸಿದ್ದರು. ಮರುವರ್ಷ ನ್ಯಾಯಮೂರ್ತಿ ಪೀಟರ್ ಮಹೋನ್ ಅದನ್ನೇ ಮುಖ್ಯ ಕಾರಣ ಅಂದರು. ಅಲ್ಲಿನ ಸರ್ಕಾರ ಕ್ಷಮೆ ಕೇಳಿದ್ದು 2019ರಲ್ಲಿ, ನಲವತ್ತು ವರ್ಷ ಆದ ಮೇಲೆ. ಅಪ್ಪ ತೋರಿಸಿದ ನಕ್ಷೆ ನೋಡಿದ ಆ ಹೆಣ್ಣುಮಕ್ಕಳು ಅಷ್ಟು ವರ್ಷ ಏನೇನು ಕೇಳಿಸಿಕೊಂಡಿರಬಹುದು, ಯೋಚನೆ ಮಾಡಿ.

ಈಗ ಜಿಪಿಎಸ್ ಇದೆಯಲ್ಲ, ಇವೆಲ್ಲ ಹಳೇ ಕಥೆ ಅಂತ ಒಬ್ಬ ಹುಡುಗ ಅಂದ. ಜನರ ಕೈಗೆ ಜಿಪಿಎಸ್ ಬಂದ ಕಥೆಯಲ್ಲೂ ದಾರಿ ತಪ್ಪಿದ ಒಂದು ವಿಮಾನ ಇದೆಯಪ್ಪಾ. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ವಿಮಾನ ನೂರಾರು ಕಿಲೋಮೀಟರ್ ಪಕ್ಕಕ್ಕೆ ಹೋಗಿ ಸೋವಿಯತ್ ಗಡಿ ಹೊಕ್ಕಿತು, ಹೊಡೆದು ಉರುಳಿಸಿದರು, 269 ಜನ ಸತ್ತರು. ಅದೇ ತಿಂಗಳು ಅಮೆರಿಕದ ಅಧ್ಯಕ್ಷ ರೇಗನ್ ಜಿಪಿಎಸ್ ಅನ್ನು ಜನಸಾಮಾನ್ಯರ ವಿಮಾನಗಳಿಗೂ ಕೊಡುತ್ತೇವೆ ಅಂದರು. ಮತ್ತೆ ಜಿಪಿಎಸ್ ಇದ್ದರೂ ಎಲ್ಲಿಗೆ ಹೋಗಬೇಕು ಅಂತ ಬೆರಳೇ ಒತ್ತಬೇಕು. ಯುದ್ಧ ನಡೆಯುವ ಕಡೆ ಆ ಸಿಗ್ನಲನ್ನೂ ಕೆಡಿಸುತ್ತಾರೆ. ಯಂತ್ರ ಎಷ್ಟು ಒಳ್ಳೆಯದಾದರೂ ಅಂಕಿಯನ್ನು ಒಬ್ಬ ಹೇಳಬೇಕು, ಇನ್ನೊಬ್ಬ ಕೇಳಬೇಕು. ನಾನು ಹೇಳುತ್ತಿರುವುದು ಇಷ್ಟೇ.

ನನಗೆ ಕೆಲಸ ಕಲಿಸಿದ ಹಿರಿಯರದು ಒಂದೇ ಪಾಠ. ಸರಪಳಿಯ ಆ ತುದಿಯವನು ಕೂಗಬೇಕು, ಈ ತುದಿಯವನು ತಿರುಗಿ ಕೂಗಬೇಕು, ಆಮೇಲೆ ಪೆನ್ಸಿಲ್. ಸರಪಳಿಯ ಹದಿನಾರರಲ್ಲಿ ಒಂದು ಪಾಲಿಗೆ ನಾವು ಆಣೆ ಅನ್ನುತ್ತೇವೆ. "ನಾಲ್ಕು ಸರಪಳಿ ಎಂಟಾಣೆ!" "ನಾಲ್ಕು ಸರಪಳಿ ಎಂಟಾಣೆ!" ಕಾಡಿನಲ್ಲಿ ಅದು ಎಷ್ಟು ದೂರ ಕೇಳುತ್ತಿತ್ತು.

ಒಂದೇ ಒಂದು ಸಲ ಅದನ್ನು ಬಿಟ್ಟೆ. ಇಷ್ಟು ವರ್ಷ ಇಲ್ಲಿ ಬರೆದಿರಲಿಲ್ಲ. ಹೊಸನಗರದ ಹತ್ತಿರ, ಆಷಾಢದ ಮಳೆ, ಕಂಬಳಿ ಕೊಪ್ಪೆಯೊಳಗೆ ಪುಸ್ತಕ ಹಿಡಿದುಕೊಂಡಿದ್ದೆ. ಜೊತೆಗಾರನ ಕಾಲಿಗೆ ಉಂಬಳ, ಅಂದರೆ ಜಿಗಣೆ, ಹತ್ತಿ ಅವನು ಸುಣ್ಣ ಹಚ್ಚಲು ಜಗುಲಿಗೆ ಹೋಗಿದ್ದ. ಸುಮ್ನೆ ಕಾಯುವುದು ಯಾಕೆ ಅಂತ ನಾನೇ ನೋಡಿ ನಾನೇ ಬರೆದೆ. 4 ಸರಪಳಿ 13 ಆಣೆ ಇದ್ದದ್ದು 4 ಸರಪಳಿ 3 ಆಣೆ ಆಯಿತು. ಒಂದು ಸರಪಳಿಗೆ 33 ಅಡಿ, ಹದಿನಾರು ಆಣೆ. ಹತ್ತು ಆಣೆ ಅಂದರೆ ಇಪ್ಪತ್ತು ಅಡಿಗೂ ಸ್ವಲ್ಪ ಜಾಸ್ತಿ, ಎರಡು ಸಾಲು ಅಡಿಕೆ ಮರ. ಅಣ್ಣತಮ್ಮಂದಿರ ಪಾಲು ಅದು. ಅದು ನನ್ನ ತಪ್ಪು ಅಂತ ನನಗೆ ಗೊತ್ತಾಗಿ ಮತ್ತೆ ಅಳೆದು ಕಲ್ಲು ಸರಿಸುವ ಹೊತ್ತಿಗೆ ಮೂರು ಕೊಯ್ಲು ಮುಗಿದಿತ್ತು, ಅವರಿಬ್ಬರ ನಡುವೆ ಮಾತು ನಿಂತಿತ್ತು. ಕಲ್ಲು ಸರಿಯಾಯಿತು, ಮಾತು ಶುರುವಾಗಲಿಲ್ಲ. ಆ ಅಣ್ಣ ನನ್ನನ್ನು ಒಂದು ದಿನವೂ ದಡ್ಡ ಅನ್ನಲಿಲ್ಲ. "ಮಳೆ ಇತ್ತು ಮಾರಾಯ" ಅಂದಿದ್ದರು.

ಅದೇ ವಿಡಿಯೋ ಇವತ್ತು ಬೆಳಿಗ್ಗೆ ನಮ್ಮ ಗ್ರೂಪಿಗೂ ಬಂದಿದೆ. ಕಳಿಸಿದವರು ನನ್ನ ಜೊತೆಯೇ ಸರಪಳಿ ಎಳೆದವರು. ಅವರಿಗೆ ಈಗ ಫೋನ್ ಮಾಡುತ್ತೇನೆ.