ಆಕ್ಷನ್ ಉಳಿದಿದೆ, ಅಡ್ವೆಂಚರ್ ಎಲ್ಲಿ ಹೋಯ್ತು?

ಆಕ್ಷನ್ ಅಡ್ವೆಂಚರ್ ಸಿನಿಮಾದ ಮಾತು ಬಂದರೆ ಸಾಕು, 'ಅಯ್ಯೋ, ಎಲ್ಲಾ ಒಂದೇ ಫಾರ್ಮುಲಾ' ಅನ್ನುವವರು ಇದ್ದೇ ಇರುತ್ತಾರೆ. ಒಬ್ಬ ಹೀರೋ, ಒಬ್ಬ ವಿಲನ್, ಇಬ್ಬರಿಗೂ ಬೇಕಾದ ಒಂದು ವಸ್ತು, ನಡುವೆ ನಾಲ್ಕು ಚೇಸ್, ಕೊನೆಗೊಂದು ದೊಡ್ಡ ಫೈಟ್. ಫಾರ್ಮುಲಾ ಇರುವುದು ನಿಜ. ಆದರೆ ಸಿನಿಮಾ ಬೋರ್ ಹೊಡೆಸುವುದಕ್ಕೆ ಅದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಇದೇ ಫಾರ್ಮುಲಾ ಇಟ್ಟುಕೊಂಡು ಉಸಿರು ಬಿಗಿಹಿಡಿದು ನೋಡುವ ಹಾಗೆ ಮಾಡಿದ ಚಿತ್ರಗಳು ಬೇಕಾದಷ್ಟಿವೆ. ಈಗ ಕೈತಪ್ಪಿರುವುದು ದಾರಿ. ಹೀರೋ ಎಲ್ಲಿದ್ದಾನೆ, ಎಲ್ಲಿಗೆ ಮುಟ್ಟಬೇಕು, ನಡುವೆ ಏನಿದೆ, ಇಷ್ಟು ನೋಡುವವರಿಗೆ ಗೊತ್ತಿದ್ದರೆ ಮಾತ್ರ ಒಂದು ಏಟಿಗೂ ಒಂದು ಜಿಗಿತಕ್ಕೂ ಬೆಲೆ.

1981ರ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ಚಿತ್ರದ ಮೊದಲ ಕೆಲವು ನಿಮಿಷಗಳನ್ನೇ ನೋಡಿ. 1936ರ ಕಾಲ, ದಕ್ಷಿಣ ಅಮೆರಿಕದ ಕಾಡು, ಒಂದು ಹಳೇ ಗುಡಿ. ಹೀರೋ ಇಂಡಿಯಾನಾ ಜೋನ್ಸ್ ಒಳಗೆ ಹೋಗುವಾಗ ನಿರ್ದೇಶಕ ಸ್ಪೀಲ್‌ಬರ್ಗ್ ಒಂದು ಚೂರೂ ಅವಸರ ಮಾಡುವುದಿಲ್ಲ. ಬೆಳಕಿನ ಕೋಲಿಗೆ ಕೈ ಅಡ್ಡ ಬಂದರೆ ಮೊಳೆಗಳು ನುಗ್ಗಿ ಬರುತ್ತವೆ. ಹೊಂಡವನ್ನು ಚಾಟಿ ಹಿಡಿದು ಜೀಕಿ ದಾಟಬೇಕು. ನೆಲದ ಕೆಲವು ಕಲ್ಲುಗಳನ್ನು ತುಳಿದರೆ ಗೋಡೆಯಿಂದ ಬಾಣ ಹಾರುತ್ತದೆ. ಇದನ್ನೆಲ್ಲ ನಮಗೆ ಒಂದೊಂದಾಗಿ ಕಲಿಸಿಕೊಟ್ಟ ಮೇಲೆ, ಅವನು ಹುಡುಕಿಕೊಂಡು ಬಂದ ಚಿನ್ನದ ಮೂರ್ತಿಯ ಜಾಗಕ್ಕೆ ಮರಳಿನ ಚೀಲ ಬರುತ್ತದೆ. ಲೆಕ್ಕ ತಪ್ಪುತ್ತದೆ, ಗುಡಿ ಕುಸಿಯತೊಡಗುತ್ತದೆ. ಈಗ ಅವನು ಅದೇ ದಾರಿಯಲ್ಲಿ ಹಿಂದಕ್ಕೆ ಓಡಬೇಕು. ಯಾವ ತಿರುವಿನಲ್ಲಿ ಏನಿದೆ ಅಂತ ನಮಗೂ ಗೊತ್ತು, ಅದಕ್ಕೇ ಭಯ. ಉರುಳಿ ಬರುವ ಆ ದೊಡ್ಡ ಬಂಡೆ ಎಲ್ಲರಿಗೂ ನೆನಪಿದೆ. ಅದಕ್ಕೆ ಅಷ್ಟು ಬಲ ಬಂದಿದ್ದು ಒಳಗೆ ಹೋಗುವಾಗಿನ ಆ ನಿಧಾನದಿಂದ. ಇಷ್ಟೆಲ್ಲ ಮಾಡಿ ಹೊರಗೆ ಬಂದರೆ ಮೂರ್ತಿ ಎದುರಾಳಿಯ ಪಾಲು! ಹೀರೋನ ಪರಿಚಯದಲ್ಲೇ ಅವನನ್ನು ಸೋಲಿಸುವ ಧೈರ್ಯ ಈಗ ಎಷ್ಟು ಜನಕ್ಕಿದೆ?

ಈ ಕಣ್ಣಿನಿಂದ ನೋಡಿದರೆ ಉಪಪ್ರಕಾರಗಳೂ ಬೇರೆಯಾಗಿ ಕಾಣುತ್ತವೆ. ಸಾಮಾನ್ಯವಾಗಿ ವೇಷ ನೋಡಿ ವಿಂಗಡಿಸುತ್ತೇವೆ. ಕತ್ತಿ ಇದ್ದರೆ ಒಂದು, ಹಡಗಿದ್ದರೆ ಇನ್ನೊಂದು, ಸೂಟು ಬೂಟು ಇದ್ದರೆ ಗೂಢಚಾರಿ ಚಿತ್ರ. ನನಗನಿಸುವುದು, ಅಪಾಯ ಯಾವ ಜಾಗದಲ್ಲಿ ಕೂತಿದೆ ಅನ್ನುವುದು ಮುಖ್ಯ. ಕತ್ತಿವರಸೆಯ ಚಿತ್ರಗಳನ್ನೇ ತೆಗೆದುಕೊಳ್ಳಿ. 1920ರಲ್ಲಿ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಜೋರೋ ಆಗಿದ್ದು, 1938ರಲ್ಲಿ ಎರಲ್ ಫ್ಲಿನ್ ರಾಬಿನ್ ಹುಡ್ ಆಗಿದ್ದು. ಅಲ್ಲಿ ಮೆಟ್ಟಿಲು, ಗೋಡೆ, ನೇತಾಡುವ ಹಗ್ಗ, ಎಲ್ಲವೂ ಆಟದಲ್ಲಿ ಪಾಲುದಾರರು. ಹೀರೋ ಗೆಲ್ಲುವುದು ಜಾಗವನ್ನು ಬಳಸಿಕೊಳ್ಳುವ ಚುರುಕಿನಿಂದ.

ತಂಡ ಕಟ್ಟುವ ಕಥೆಗಳಿಗೆ ಜಪಾನಿನ ನಿರ್ದೇಶಕ ಕುರೊಸಾವಾನ 'ಸೆವೆನ್ ಸಮುರಾಯ್' ದೊಡ್ಡ ಮಾದರಿ. 1954ರ ಚಿತ್ರ, ಮೂರು ಗಂಟೆಗೂ ಜಾಸ್ತಿ. ಡಕಾಯಿತರಿಂದ ಒಂದು ಹಳ್ಳಿಯನ್ನು ಕಾಯುವುದಕ್ಕೆ ಯೋಧರನ್ನು ಒಬ್ಬೊಬ್ಬರನ್ನೇ ಹುಡುಕಿ ಸೇರಿಸುವುದಕ್ಕೇ ಎಷ್ಟೊಂದು ಹೊತ್ತು. ಆಮೇಲೆ ಹಳ್ಳಿಯ ನಕ್ಷೆ, ಎಲ್ಲಿ ಬೇಲಿ, ಎಲ್ಲಿ ನೀರು ತುಂಬಿಸಬೇಕು ಅನ್ನುವ ಯೋಚನೆ. ಡಕಾಯಿತರ ಲೆಕ್ಕಕ್ಕೆ ಹಾಳೆಯ ಮೇಲೆ ಸೊನ್ನೆಗಳು. ಒಬ್ಬ ಸತ್ತರೆ ಒಂದನ್ನು ಹೊಡೆದುಹಾಕುತ್ತಾರೆ. ಹಾಗಾಗಿ ಕೊನೆಯ ಮಳೆಯ ಯುದ್ಧದಲ್ಲಿ ಅಷ್ಟು ಕೆಸರು, ಅಷ್ಟು ಗದ್ದಲ ಇದ್ದರೂ ನಾವು ದಾರಿ ತಪ್ಪುವುದಿಲ್ಲ. 1960ರಲ್ಲಿ ಹಾಲಿವುಡ್ ಇದನ್ನೇ ಕೌಬಾಯ್ ಕಥೆಯಾಗಿ ಮತ್ತೆ ತೆಗೆಯಿತು.

1988ರ 'ಡೈ ಹಾರ್ಡ್' ದೂರವನ್ನೆಲ್ಲ ಒಂದೇ ಕಟ್ಟಡದೊಳಗೆ ತಂದಿಟ್ಟಿತು. ಹೀರೋ ಕಾಲಿಗೆ ಶೂ ಇಲ್ಲ. ವಿಲನ್ ಅದನ್ನು ಗಮನಿಸಿ ಗಾಜಿಗೆ ಗುಂಡು ಹೊಡೆಸುತ್ತಾನೆ. ಆಮೇಲೆ ಕೆಲವೇ ಹೆಜ್ಜೆಯ ದೂರವೂ ಒಂದು ಮರುಭೂಮಿಯಷ್ಟು ಉದ್ದ. ಈ ಯೋಚನೆ ಎಷ್ಟು ಗಟ್ಟಿಯಾಗಿತ್ತು ಅಂದರೆ ಹಡಗು, ಬಸ್ಸು, ವಿಮಾನ ಅಂತ ಮುಂದಿನ ಹತ್ತು ವರ್ಷ ಅದನ್ನೇ ಜಾಗ ಬದಲಿಸಿ ಮಾಡಿದರು. ವಿಕೋಪದ ಚಿತ್ರಗಳಲ್ಲಿ ನನಗೆ 1972ರ 'ಪೊಸೈಡನ್ ಅಡ್ವೆಂಚರ್' ಇಷ್ಟ. ಹಡಗು ತಲೆಕೆಳಗಾಗಿದೆ, ಬದುಕಬೇಕಾದರೆ ತಳದ ಕಡೆಗೆ ಹತ್ತಬೇಕು.

ಹೊಡೆದಾಟ ಬಹುತೇಕ ಇಲ್ಲದೆಯೂ ಕುರ್ಚಿಯ ತುದಿಯಲ್ಲಿ ಕೂರಿಸಬಹುದು. 1953ರಲ್ಲಿ ಕ್ಲೂಜೋ ತೆಗೆದ ಫ್ರೆಂಚ್ ಚಿತ್ರ 'ವೇಜಸ್ ಆಫ್ ಫಿಯರ್' ನೋಡಿ. ನಾಲ್ಕು ಜನ, ಎರಡು ಲಾರಿ, ತುಂಬ ನೈಟ್ರೋಗ್ಲಿಸರಿನ್ ಅನ್ನುವ ಸ್ಫೋಟಕ. ಜೋರಾಗಿ ಕುಲುಕಿದರೆ ಮುಗಿಯಿತು. ಬೆಟ್ಟದ ಒಂದು ತಿರುವಿನಲ್ಲಿ ಪ್ರಪಾತದ ಮೇಲೆ ಚಾಚಿಕೊಂಡ ಕೊಳೆತ ಹಲಗೆಗಳಿವೆ. ಲಾರಿ ತಿರುಗಬೇಕಾದರೆ ಅದರ ಮೇಲೆ ರಿವರ್ಸ್ ತೆಗೆದುಕೊಳ್ಳಲೇಬೇಕು. ಚಕ್ರ ಇಂಚಿಂಚಾಗಿ ಹಿಂದೆ ಸರಿಯುತ್ತದೆ, ಹಲಗೆ ಲಟಲಟ ಅನ್ನುತ್ತದೆ. ಅಲ್ಲಿ ವಿಲನ್ನೇ ಇಲ್ಲ.

ಇನ್ನು ಕೆಟ್ಟಿದ್ದೆಲ್ಲಿ? ನನ್ನ ಪ್ರಕಾರ ಗೂಢಚಾರಿ ಚಿತ್ರಗಳ ಒಂದು ಚಾಳಿ ಎಲ್ಲ ಕಡೆ ಹರಡಿತು. ಪರದೆಯ ಮೇಲೆ ಊರಿನ ಹೆಸರು ಬರುತ್ತದೆ, ಮರುಕ್ಷಣ ಇನ್ನೊಂದು ಖಂಡ. ಬಾಂಡ್ ಶೈಲಿಯ ಕಥೆಗೆ ಅದು ಒಪ್ಪುತ್ತದೆ, ಅಲ್ಲಿ ಊರು ಸುತ್ತುವುದೇ ಒಂದು ಮಜಾ. ನಿಧಿ ಹುಡುಕುವ ಕಥೆಯಲ್ಲೂ ಹಾಗೇ ಮಾಡಿದರೆ ಹುಡುಕಾಟ ಎಲ್ಲಿ ಉಳಿಯಿತು? ಸೂಪರ್‌ಹೀರೋ ಚಿತ್ರಗಳಲ್ಲಿ ಇದು ಇನ್ನೂ ಜಾಸ್ತಿ. ಹಾರಬಲ್ಲವನಿಗೆ ಬೆಟ್ಟ ಅಡ್ಡಿಯಲ್ಲ, ಸಮುದ್ರ ಅಡ್ಡಿಯಲ್ಲ. ಕೊನೆಗೆ ಉಳಿಯುವುದು ಗುದ್ದಾಟ ಮಾತ್ರ.

ಹಾಗಂತ ಹಳೆಯದೇ ಚೆನ್ನ ಅಂತ ನಾನು ಹೇಳುತ್ತಿಲ್ಲ. 2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಕಥೆ ಎಷ್ಟು? ಒಂದು ದಾರಿಯಲ್ಲಿ ಹೋಗುತ್ತಾರೆ, ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ಹೋಗುವಾಗ ದಾಟಿದ ಕಣಿವೆಯನ್ನು ಬರುವಾಗಲೂ ದಾಟಬೇಕು. ಶಾಟ್‌ಗಳು ಪಟಪಟ ಬದಲಾಗುತ್ತವೆ, ಆದರೆ ಮುಖ್ಯವಾದದ್ದನ್ನು ಚೌಕಟ್ಟಿನ ನಡುವೆಯೇ ಇಟ್ಟಿರುವುದರಿಂದ ಕಣ್ಣು ಅಲೆಯುವುದಿಲ್ಲ. ಎಡಿಟಿಂಗ್ ಮಾಡಿದ ಮಾರ್ಗರೆಟ್ ಸಿಕ್ಸೆಲ್‌ಗೆ ಆಸ್ಕರ್ ಬಂತು. ಚಿತ್ರಕ್ಕೆ ಒಟ್ಟು 6 ಆಸ್ಕರ್. ನೂರಕ್ಕೆ ನೂರು ನ್ಯಾಯವಾಗಿತ್ತು.

ಆದರೆ ಈ ಪ್ರಕಾರದ ಒಂದು ಪದ್ಧತಿ ಮಾತ್ರ ಹೋಗಲೇಬೇಕು. ನಿಧಿ ಯಾವಾಗಲೂ ಬೇರೆಯವರ ಗುಡಿಯಲ್ಲಿರುತ್ತದೆ. ಆ ಬೇರೆಯವರು ಒಂದೋ ಮೂಟೆ ಹೊರುತ್ತಾರೆ, ಇಲ್ಲವೇ ಈಟಿ ಹಿಡಿದು ಓಡಿಸಿಕೊಂಡು ಬರುತ್ತಾರೆ. ನಾನು ಹೊಗಳಿದ 'ರೈಡರ್ಸ್'ನಲ್ಲೂ ಅಷ್ಟೇ. ಅದೇ ಸರಣಿಯ 1984ರ 'ಟೆಂಪಲ್ ಆಫ್ ಡೂಮ್' ಇನ್ನೂ ಕೆಟ್ಟದಾಗಿತ್ತು. ಭಾರತದ ಕಥೆ, ಅರಮನೆಯ ಊಟದಲ್ಲಿ ಮಂಗನ ಮಿದುಳು! ಇಲ್ಲಿ ಅನುಮತಿ ಸಿಗದೆ ಶ್ರೀಲಂಕಾದಲ್ಲಿ ಚಿತ್ರೀಕರಣ ಮಾಡಿದರು. ಇದು ನೋವಿನ ಪ್ರಶ್ನೆ ಹೌದು, ಜೊತೆಗೆ ಕಥೆ ಹೇಳುವವರಿಗೆ ನಷ್ಟವೂ ಹೌದು. ಆ ಕಾಡಿನ, ಆ ಗುಡಿಯ ದಾರಿ ಚೆನ್ನಾಗಿ ಗೊತ್ತಿರುವುದು ಅಲ್ಲಿನವರಿಗೆ. ಯಾವ ಕಲ್ಲು ಅಲುಗಾಡುತ್ತದೆ, ಹೊಳೆ ಯಾವಾಗ ಏರುತ್ತದೆ ಅಂತ ಹೇಳಬಲ್ಲ ದಾರಿಕಾರನನ್ನು ಮೊದಲ ಅರ್ಧ ಗಂಟೆಯಲ್ಲೇ ಸಾಯಿಸಿಬಿಟ್ಟರೆ ಹೇಗೆ? ಅವನು ಕೊನೆಯವರೆಗೂ ಇರಲಿ. ಆ ಮೂರ್ತಿಯನ್ನು ಅಲ್ಲಿಂದ ಕದಲಿಸಬಾರದು ಅನ್ನುವವನೂ ಅವನೇ ಆಗಲಿ. ಹೀರೋ ಏನು ಉತ್ತರ ಕೊಡುತ್ತಾನೆ ಅಂತ ನೋಡುವುದಕ್ಕೆ ನಾನಂತೂ ಮೊದಲ ದಿನ, ಮೊದಲ ಶೋಗೇ ಹೋಗುತ್ತೇನೆ.